ಹಕ್ಕಿ ನೋಡೋಕೆ ಒಬ್ಬರೇ ಹೋಗಿಬನ್ನಿ



ಈ ಸಲ ಬಂದ ಪತ್ರಗಳ ಕಟ್ಟಿನಲ್ಲಿ ಒಂದು ಕಾಗದ ಬೇರೆಯೇ ಥರದ್ದು. ಅದರಲ್ಲಿ ಅತ್ತೆಯ ಮೇಲೆ ದೂರಿಲ್ಲ, ಸೊಸೆಯ ಮೇಲೆ ಮುನಿಸಿಲ್ಲ, ಕೂದಲು ಉದುರುವ ಚಿಂತೆಯೂ ಇಲ್ಲ. ಓದಿ ನೋಡಿ:

“ನನಗೀಗ 54 ವರ್ಷ. ಯಜಮಾನರು ಹೋಗಿ ಮೂರು ವರ್ಷವಾಯಿತು. ಮಗ, ಸೊಸೆ ಬೇರೆ ಊರಿನಲ್ಲಿದ್ದಾರೆ. ಹಿತ್ತಿಲಿನ ದಾಸವಾಳಕ್ಕೆ ಬರುವ ಸಣ್ಣ ಹಕ್ಕಿಗಳನ್ನು ನೋಡುತ್ತಾ ನೋಡುತ್ತಾ ಅದೇ ಒಂದು ಹುಚ್ಚಾಗಿಬಿಟ್ಟಿದೆ. ರಂಗನತಿಟ್ಟು, ಕೊಕ್ಕರೆ ಬೆಳ್ಳೂರು ಅಂತ ಕೇಳಿದ್ದೇನೆ, ಹೋಗಿ ನೋಡುವ ಆಸೆ. ಒಬ್ಬಳೇ ಧರ್ಮಸ್ಥಳಕ್ಕೆ ಹೋಗ್ತೀನಿ ಅಂದರೆ ‘ಹೋಗಿಬಾಮ್ಮ’ ಅಂತಾನೆ ಮಗ. ಹಕ್ಕಿ ನೋಡೋಕೆ ಹೋಗ್ತೀನಿ ಅಂದರೆ ‘ಅಮ್ಮ, ನಿನಗೇನಾಗಿದೆ?’ ಅಂತಾನೆ. ನಾದಿನಿ ನಗುತ್ತಾಳೆ. ದೇವಸ್ಥಾನಕ್ಕೆ ಅಂತ ಹೇಳಿ ಹಕ್ಕಿ ನೋಡಿ ಬಂದುಬಿಡಲೇ? ಕೈಯಲ್ಲಿ ದುಡ್ಡೂ ಹೆಚ್ಚಿಲ್ಲ. ದಾರಿ ತೋರಿಸಿ.”

ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಆದರೆ ಇದು ಅವರೊಬ್ಬರ ಪ್ರಶ್ನೆಯಲ್ಲ ಅಂತ ನನಗೆ ಗೊತ್ತು. ಆದ್ದರಿಂದ ಈ ಸಂಚಿಕೆಯ ಅಂಕಣ ಪೂರ್ತಿ ಇದಕ್ಕೇ ಮೀಸಲು.

ಮೊದಲು ಸುಳ್ಳಿನ ವಿಚಾರ

ಅಮ್ಮ, ಸುಳ್ಳು ಹೇಳಿ ಹೋಗಬೇಡಿ. ಧರ್ಮ, ನೀತಿ ಅಂತಲ್ಲ, ಅನುಕೂಲದ ಮಾತೇ ಹೇಳುತ್ತಿದ್ದೇನೆ. ಒಬ್ಬರೇ ಹೊರಟ ಹೆಂಗಸಿಗೆ ದೊಡ್ಡ ರಕ್ಷಣೆ ಯಾವುದು ಗೊತ್ತೆ? ಅವಳು ಎಲ್ಲಿದ್ದಾಳೆ ಅಂತ ಮನೆಯಲ್ಲಿ ಒಬ್ಬರಿಗಾದರೂ ಸರಿಯಾಗಿ ತಿಳಿದಿರುವುದು. ನೀವು ಮಂಡ್ಯ ಜಿಲ್ಲೆಯ ಹಳ್ಳಿಯಲ್ಲಿರುವಾಗ ಮಗ ಧರ್ಮಸ್ಥಳದಲ್ಲಿ ಹುಡುಕಿದರೆ ಏನು ಗತಿ?

ಇನ್ನೊಂದು ಮಾತು. ನಮ್ಮಲ್ಲಿ ಹೆಂಗಸು ಒಬ್ಬಳೇ ಹೊರಡಲು ಒಂದು ಕಾರಣ ಬೇಕು. ಬಾಣಂತನಕ್ಕೆ, ಮದುವೆಗೆ, ಸಾವಿಗೆ, ಹರಕೆಗೆ ಆದರೆ ಯಾರೂ ಕೇಳುವುದಿಲ್ಲ. ಮತ್ತೊಬ್ಬರಿಗಾಗಿ ಹೋಗಬಹುದು, ದೇವರಿಗಾಗಿ ಹೋಗಬಹುದು, ತನ್ನ ಸಂತೋಷಕ್ಕೆ ಮಾತ್ರ ಹೋಗಬಾರದು. ನೀವು ಈಗ ಸುಳ್ಳು ಹೇಳಿದರೆ ಈ ಕಟ್ಟಳೆಯನ್ನು ಒಪ್ಪಿಕೊಂಡ ಹಾಗೇ ಆಯಿತು. ಮುಂದಿನ ಸಲವೂ ಸುಳ್ಳೇ ಹೇಳಬೇಕಾಗುತ್ತದೆ. ಅದರ ಬದಲು ಊಟಕ್ಕೆ ಬಡಿಸುವಾಗಲೋ ಫೋನಿನಲ್ಲೋ ಸಲೀಸಾಗಿ ಹೇಳಿಬಿಡಿ: “ಬರೋ ಗುರುವಾರ ರಂಗನತಿಟ್ಟಿಗೆ ಹೋಗ್ತಾ ಇದೀನಪ್ಪ. ಬೆಳಿಗ್ಗೆ ಹೋಗಿ ಸಂಜೆ ಬಂದುಬಿಡ್ತೀನಿ.” ‘ಹೋಗಲೇ?’ ಅಂತ ಕೇಳಬೇಡಿ. ಕೇಳಿದರೆ ಉತ್ತರ ಕೊಡುವುದು ಅವರ ಕೆಲಸವಾಗುತ್ತದೆ. ಹೇಳಿದರೆ ‘ಹುಷಾರಮ್ಮ’ ಅನ್ನುವುದಷ್ಟೇ ಅವರಿಗೆ ಉಳಿಯುತ್ತದೆ. ನಗುವವರು ನಗಲಿ. ನೀವು ವಾಪಸು ಬಂದು ಬಣ್ಣದ ಕೊಕ್ಕರೆಯ ಕಥೆ ಹೇಳಿದಾಗ ಮೊದಲು ಕಿವಿಗೊಡುವವರು ಅವರೇ.

ಇದು ಹೆಂಗಸರ ಕೆಲಸವೇ?

ಬಿಹಾರದಲ್ಲಿ ಹುಟ್ಟಿ ರಾಂಚಿಯಲ್ಲಿ ಬಾಳಿದ ಜಮಾಲ್ ಆರಾ ಎಂಬಾಕೆ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲ. ಛೋಟಾನಾಗಪುರದ ಕಾಡುಗಳಲ್ಲಿ ಹಕ್ಕಿಗಳನ್ನು ನೋಡಿ ನೋಡಿ, ಬರೆದು ಬರೆದು, ದೊಡ್ಡ ದೊಡ್ಡ ಪಕ್ಷಿತಜ್ಞರ ಸಾಲಿನಲ್ಲಿ ಕೂತರು. ಮಕ್ಕಳಿಗಾಗಿ ಅವರು ಬರೆದ ಹಕ್ಕಿ ನೋಡುವ ಪುಸ್ತಕವನ್ನು ನ್ಯಾಷನಲ್ ಬುಕ್ ಟ್ರಸ್ಟ್ 1970ರಲ್ಲಿ ಪ್ರಕಟಿಸಿತು.

ಅಮೆರಿಕದ ಫೀಬಿ ಸ್ನೆಟ್ಸಿಂಗರ್ ನಾಲ್ಕು ಮಕ್ಕಳ ತಾಯಿ, ಗೃಹಿಣಿ. 1965ರಲ್ಲಿ ಪಕ್ಕದ ಮನೆಯಾಕೆ ಕೈಗೆ ಕೊಟ್ಟ ದುರ್ಬೀನಿನಲ್ಲಿ ಒಂದು ಸಣ್ಣ ಹಕ್ಕಿಯನ್ನು ಕಂಡರು, ಅಷ್ಟೇ. 1981ರಲ್ಲಿ ಚರ್ಮದ ಕ್ಯಾನ್ಸರ್ ಕಾಣಿಸಿಕೊಂಡು ವೈದ್ಯರು ಹೆಚ್ಚು ದಿನ ಇಲ್ಲ ಎಂದಾಗ, ಆಕೆ ಮನೆಯಲ್ಲಿ ಮಲಗದೆ ಹಕ್ಕಿ ಹುಡುಕಿಕೊಂಡು ದೇಶ ದೇಶ ಸುತ್ತಿದರು. ಇನ್ನೂ 18 ವರ್ಷ ಬದುಕಿ ಎಂಟು ಸಾವಿರಕ್ಕೂ ಹೆಚ್ಚು ಜಾತಿಯ ಹಕ್ಕಿಗಳನ್ನು ನೋಡಿದರು. 1999ರಲ್ಲಿ ಮಡಗಾಸ್ಕರಿನಲ್ಲಿ ವಾಹನ ಉರುಳಿ ತೀರಿಕೊಂಡಾಗಲೂ ಹಕ್ಕಿ ನೋಡಲೆಂದೇ ಹೋಗಿದ್ದರು.

ಆಕೆಗೇನು, ತಂದೆಯ ಆಸ್ತಿ ಇತ್ತು ಅನ್ನುತ್ತೀರಾ? ನಿಜ. ನಮಗೆ ಅಷ್ಟು ದುಡ್ಡಿಲ್ಲ. ಆದರೆ ನಮಗೊಂದು ಅನುಕೂಲವಿದೆ. ತಣ್ಣನೆಯ ದೇಶದವರು ಸಾವಿರಾರು ರೂಪಾಯಿ ಸುರಿದು, ವಿಮಾನ ಹತ್ತಿ ನೋಡಲು ಬರುವ ಉಷ್ಣವಲಯದ ಹಕ್ಕಿಗಳು ನಮ್ಮ ಬಸ್ ನಿಲ್ದಾಣದಿಂದ ಅರ್ಧ ದಿನದ ದಾರಿಯಲ್ಲಿವೆ. ಕೆಲವು ನಮ್ಮ ಹಿತ್ತಿಲಲ್ಲೇ ಇವೆ.

ಮೊದಲ ಪಾಠ ಹಿತ್ತಿಲಲ್ಲಿ

ಊರು ಬಿಡುವ ಮೊದಲು ಒಂದು ತಿಂಗಳು ಮನೆಯಲ್ಲೇ ಅಭ್ಯಾಸ ಮಾಡಿ. ಗುಬ್ಬಿ, ಗೊರವಂಕ, ಕಾಗೆ – ಈ ಮೂರೂ ನಿಮ್ಮ ಅಳತೆಗೋಲು. ಹೊಸ ಹಕ್ಕಿ ಕಂಡಾಗ ‘ಗುಬ್ಬಿಗಿಂತ ದೊಡ್ಡದು, ಗೊರವಂಕಕ್ಕಿಂತ ಚಿಕ್ಕದು’ ಎಂದು ಮೊದಲು ಅಳತೆ ಮಾಡಿಕೊಳ್ಳಿ. ಆಮೇಲೆ ಕೊಕ್ಕು ನೋಡಿ: ಉದ್ದವೋ, ಮೋಟೋ, ಬಾಗಿದೆಯೋ? ಆಮೇಲೆ ಬಾಲ. ಬಣ್ಣ ಕೊನೆಗೆ. ನಾವು ಸೀರೆ ಕೊಳ್ಳುವಾಗ ಬಣ್ಣ ಮೊದಲು ನೋಡುತ್ತೇವಲ್ಲ, ಇಲ್ಲಿ ಅದು ತಿರುಗುಮುರುಗು. ಬಿಸಿಲಿನಲ್ಲಿ ಒಂದು ಬಣ್ಣ, ನೆರಳಿನಲ್ಲಿ ಇನ್ನೊಂದು ಕಾಣಿಸಿ ಮೋಸಹೋಗುತ್ತೇವೆ.

ದಾಸವಾಳಕ್ಕೆ ಬರುವುದು ಸೂರಕ್ಕಿ. ತಲೆಯ ಮೇಲೆ ಜುಟ್ಟು, ಬಾಲದ ಬುಡದಲ್ಲಿ ಕೆಂಪು ಇದ್ದರೆ ಪಿಕಳಾರ. ಕಪ್ಪು–ಬಿಳುಪು ಬಟ್ಟೆ ತೊಟ್ಟು ಬೆಳಗಿನ ಜಾವ ಸಿಳ್ಳೆ ಹಾಕುವುದು ಮಡಿವಾಳ. ಮಧ್ಯಾಹ್ನ ಎಲ್ಲೋ ತಾಮ್ರದ ಪಾತ್ರೆ ಬಡಿದಂತೆ ‘ಟಂಕ್ ಟಂಕ್’ ಎನ್ನುವುದು ಕುಟುರ ಹಕ್ಕಿ. ಇನ್ನು ಕೋಗಿಲೆ. ‘ಕುಹೂ’ ಎಂದು ಹಾಡುವುದು ಗಂಡು, ಕರಿಬಣ್ಣದ್ದು. ಹೆಣ್ಣು ಕಂದು ಮೈಯ ಮೇಲೆ ಬಿಳಿ ಚುಕ್ಕೆ ಇಟ್ಟುಕೊಂಡು ಮರದ ಮರೆಯಲ್ಲಿರುತ್ತದೆ. ಹಾಡುವ ಹುಡುಗಿಯರನ್ನೆಲ್ಲ ‘ಕೋಗಿಲೆ’ ಎಂದು ಹೊಗಳುತ್ತೇವೆ, ಹಾಡುವುದು ಮಾತ್ರ ಗಂಡು!

ಇಂಥ 15 ಹಕ್ಕಿ ಗುರುತು ಸಿಕ್ಕರೆ ನೀವು ಹೊರಡಲು ತಯಾರು. ಪುಸ್ತಕ ಬೇಕಾದರೆ ಪೂರ್ಣಚಂದ್ರ ತೇಜಸ್ವಿಯವರ ‘ಕನ್ನಡ ನಾಡಿನ ಹಕ್ಕಿಗಳು’ ಲೈಬ್ರರಿಯಲ್ಲಿ ಕೇಳಿ. ಮೊಬೈಲು ಬಳಸುವವರಿಗೆ ಮರ್ಲಿನ್ ಎಂಬ ಆಪ್ ಇದೆ, ದುಡ್ಡು ಕೊಡಬೇಕಿಲ್ಲ. ಹಕ್ಕಿಯ ಕೂಗು ಕೇಳಿಸಿದರೆ ಅದು ಯಾವುದಿರಬಹುದೆಂದು ಹೇಳುತ್ತದೆ. ಅದು ಹೇಳಿದ್ದನ್ನು ಕಣ್ಣಿನಿಂದಲೂ ಖಚಿತ ಮಾಡಿಕೊಳ್ಳಿ.

ದುಡ್ಡಿನ ಲೆಕ್ಕ

ಹಿಂದೆ ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ ಕಾಸು ಕೂಡಿಡುತ್ತಿದ್ದರು. ನೀವೂ ಒಂದು ‘ಹಕ್ಕಿ ಡಬ್ಬಿ’ ಇಡಿ. ದಿನಕ್ಕೆ 20 ರೂಪಾಯಿ ಹಾಕಿದರೆ ವರ್ಷಕ್ಕೆ 7,300 ರೂಪಾಯಿ. ಒಂದು ಹಗಲಿನ ಪ್ರವಾಸಗಳಿಗೆ ಇದು ಧಾರಾಳ.

ಬಸ್ಸಿನ ಖರ್ಚು ಹೇಗೂ ಇಳಿದಿದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ರಾಜ್ಯದೊಳಗೆ ಟಿಕೆಟ್ ಶುಲ್ಕವಿಲ್ಲ. ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ತೋರಿಸಿ ‘ಶೂನ್ಯ’ ಟಿಕೆಟ್ ತೆಗೆದುಕೊಳ್ಳಬೇಕು. ಪುಕ್ಕಟೆ ಅಂತ ಟಿಕೆಟ್ ಪಡೆಯದೆ ಕೂರಬೇಡಿ. ರಾಜಹಂಸ, ಐರಾವತದಂಥ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ. ಹಾಗಾಗಿ ಉಳಿಯುವ ಖರ್ಚೆಂದರೆ ಆಟೋ, ಪ್ರವೇಶ ಶುಲ್ಕ, ದೋಣಿ. ಊಟ ಮನೆಯಿಂದಲೇ ಕಟ್ಟಿಕೊಂಡು ಹೋದರೆ ಕಾಫಿಯೊಂದೇ ಹೊರಗಿನದು.

ದುರ್ಬೀನು ಮೊದಲ ದಿನವೇ ಕೊಳ್ಳಬೇಡಿ. ನಾನು ಕೆಳಗೆ ಹೇಳುವ ಜಾಗಗಳಲ್ಲಿ ಹಕ್ಕಿಗಳು ದೊಡ್ಡವು, ಬರಿಗಣ್ಣಿಗೇ ಸಿಗುತ್ತವೆ. ಎರಡು ಮೂರು ಸಲ ಹೋಗಿಬಂದ ಮೇಲೂ ಹುಚ್ಚು ಬಿಡದಿದ್ದರೆ ಆಗ ಕೊಳ್ಳಿ. 8x42 ಎಂದು ಬರೆದಿರುವುದು ಒಳ್ಳೆಯದು. ಮೊದಲ ಅಂಕಿ ಎಂದರೆ ಎಂಟು ಪಟ್ಟು ಹತ್ತಿರ ಕಾಣಿಸುತ್ತದೆ ಎಂದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಅಂಕಿ ಹೆಚ್ಚಿದ್ದರೆ ಒಳ್ಳೆಯದೆಂದು 12, 16 ಪಟ್ಟಿನದು ತಂದರೆ ಕೈ ಸ್ವಲ್ಪ ಅಲುಗಿದರೂ ಹಕ್ಕಿ ಕುಣಿಯುತ್ತದೆ, ತಲೆ ಸುತ್ತುತ್ತದೆ.

ಒಂದು ಹಗಲಿಗೆ: ರಂಗನತಿಟ್ಟು

ಮೊದಲ ಸಲಕ್ಕೆ ಇದೇ ಸರಿ. ಶ್ರೀರಂಗಪಟ್ಟಣದಿಂದ ಆಟೋದಲ್ಲಿ ಸ್ವಲ್ಪವೇ ದೂರ. ಮೈಸೂರಿನಲ್ಲಿ ನೆಂಟರಿದ್ದರೆ ಇನ್ನೂ ಸಲೀಸು. ಬೆಂಗಳೂರಿನ ಕಡೆಯಿಂದ ಬರುವವರು ಬಸ್ ಹತ್ತುವಾಗಲೇ ಕಂಡಕ್ಟರನ್ನು ಕೇಳಿ. 2023ರಲ್ಲಿ ಹೊಸ ಹೆದ್ದಾರಿ ತೆರೆದ ಮೇಲೆ ಕೆಲವು ಬಸ್ಸುಗಳು ಊರೊಳಕ್ಕೆ ಬರದೆ ಬೈಪಾಸಿನಲ್ಲೇ ಹೋಗಿಬಿಡುತ್ತವೆ.

ಹದಿನೇಳನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಕಾವೇರಿಗೆ ಅಣೆಕಟ್ಟೆ ಕಟ್ಟಿಸಿದಾಗ ನಡುವೆ ಉಳಿದ ನಡುಗಡ್ಡೆಗಳೇ ಈ ತಿಟ್ಟುಗಳು. ಪಕ್ಷಿತಜ್ಞ ಸಲೀಂ ಅಲಿಯವರು ಇಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡು ಮೈಸೂರು ಮಹಾರಾಜರ ಮನವೊಲಿಸಿದ್ದರಿಂದ 1940ರಲ್ಲಿ ಇದು ಪಕ್ಷಿಧಾಮವಾಯಿತು. 2022ರಲ್ಲಿ ರಾಜ್ಯದ ಮೊದಲ ರಾಮ್ಸರ್ ತಾಣವೂ ಆಯಿತು. ಅಂದರೆ ಜಗತ್ತೇ ಲೆಕ್ಕಕ್ಕೆ ತೆಗೆದುಕೊಳ್ಳುವ ಜೌಗು ಪ್ರದೇಶಗಳ ಪಟ್ಟಿಯಲ್ಲಿ ನಮ್ಮ ಕಾವೇರಿಯ ತಿಟ್ಟೂ ಸೇರಿತು.

ದೋಣಿಯಲ್ಲಿ ಹಂಚಿಕೊಂಡು ಕೂರಬಹುದು, ಇಡೀ ದೋಣಿ ಬಾಡಿಗೆಗೆ ಹಿಡಿಯಬೇಕಾಗಿಲ್ಲ. ಅಂಬಿಗರಿಗೆ ಹಕ್ಕಿಗಳ ಹೆಸರು ಬಾಯಿಪಾಠ. ಕೇಳಿದರೆ ಸಂತೋಷದಿಂದ ಹೇಳುತ್ತಾರೆ. ಹಳದಿ ಕೊಕ್ಕು, ಬಾಲದ ಹತ್ತಿರ ಗುಲಾಬಿ ಗರಿ ಇದ್ದರೆ ಅದು ಬಣ್ಣದ ಕೊಕ್ಕರೆ. ಮುಚ್ಚಿದಾಗಲೂ ಕೊಕ್ಕಿನ ನಡುವೆ ಅಡಕತ್ತರಿಯ ಹಾಗೆ ಸಂದಿ ಉಳಿದರೆ ಅದು ಬಾಯಿಕಳಕ. ನೀರಿನ ಬಸವನಹುಳುವನ್ನು ಹಿಡಿಯಲು ಅದಕ್ಕೆ ಆ ಕೊಕ್ಕು. ಕೊಕ್ಕಿನ ತುದಿ ಸೌಟಿನ ಹಾಗೆ ಚಪ್ಪಟೆಯಿದ್ದು, ಸಾರು ಕಲಕುವಂತೆ ನೀರನ್ನು ಅತ್ತಿತ್ತ ಕಲಕುತ್ತಿದ್ದರೆ ಅದು ಚಮಚದ ಕೊಕ್ಕಿನ ಹಕ್ಕಿ. ನೀರಿನಿಂದ ಬರೀ ಕತ್ತು ಹೊರಗಿಟ್ಟು ಹಾವಿನಂತೆ ಈಜುವುದು ಹಾವಕ್ಕಿ. ಇನ್ನು ಬಂಡೆಯ ಮೇಲೆ ಬಾಯಿ ತೆರೆದು ಮಲಗಿರುವುದು ಹಕ್ಕಿಯಲ್ಲ, ಮೊಸಳೆ! ಕೈ ನೀರಿಗೆ ಇಳಿಬಿಡಬೇಡಿ.

ಶನಿವಾರ, ಭಾನುವಾರ ಜನಜಂಗುಳಿ. ವಾರದ ನಡುವೆ, ಬಾಗಿಲು ತೆರೆದ ಕೂಡಲೇ ಹೋಗಿ. ಮಳೆಗಾಲದಲ್ಲಿ ಕೃಷ್ಣರಾಜಸಾಗರದಿಂದ ಹೆಚ್ಚು ನೀರು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ. ಪೇಪರು ನೋಡಿಕೊಂಡು ಹೊರಡಿ.

ಹಕ್ಕಿಗಳ ತವರೂರು: ಕೊಕ್ಕರೆ ಬೆಳ್ಳೂರು

ಎರಡನೇ ಪ್ರವಾಸಕ್ಕೆ ಮದ್ದೂರು ತಾಲ್ಲೂಕಿನ ಈ ಹಳ್ಳಿ. ಮದ್ದೂರಿನಲ್ಲಿ ಇಳಿದು, ಬೇಕಾದರೆ ಒಂದು ವಡೆ ತಿಂದು, ಹಳ್ಳಿಯ ಬಸ್ಸನ್ನೋ ಆಟೋವನ್ನೋ ಹಿಡಿಯಿರಿ. ಹೋದ ಕೂಡಲೇ ವಾಪಸು ಬರುವ ಬಸ್ಸಿನ ವೇಳೆ ಕೇಳಿಟ್ಟುಕೊಳ್ಳಿ. ಹಳ್ಳಿಯ ಬಸ್ಸು ತಪ್ಪಿದರೆ ಮುಂದಿನದಕ್ಕೆ ತುಂಬ ಹೊತ್ತು ಕಾಯಬೇಕು.

ಇಲ್ಲಿ ಗೇಟಿಲ್ಲ, ದೋಣಿಯಿಲ್ಲ. ಊರಿನ ನಡುವಿನ ಹುಣಸೆಮರ, ಆಲ, ಅರಳಿಯ ಮೇಲೆಯೇ ಬಣ್ಣದ ಕೊಕ್ಕರೆಗಳು, ಹೆಜ್ಜಾರ್ಲೆಗಳು ಸಂಸಾರ ಹೂಡುತ್ತವೆ. ಕೆಳಗೆ ಹಸು ಕಟ್ಟಿರುತ್ತದೆ, ಅಜ್ಜಿ ಅಕ್ಕಿ ಆರಿಸುತ್ತಿರುತ್ತಾರೆ, ಮೇಲೆ ಹೆಜ್ಜಾರ್ಲೆಯ ಮರಿ ತಾಯಿಯ ಗಂಟಲ ಚೀಲದೊಳಕ್ಕೆ ತಲೆ ತೂರಿಸಿ ಮೀನು ತಿನ್ನುತ್ತಿರುತ್ತದೆ. ಡಿಸೆಂಬರ್, ಜನವರಿಯ ಹೊತ್ತಿಗೆ ಬಂದು, ಗೂಡು ಕಟ್ಟಿ, ಮೊಟ್ಟೆಯಿಟ್ಟು, ಮರಿಗಳಿಗೆ ರೆಕ್ಕೆ ಬಲಿತ ಮೇಲೆ ಮಳೆಗಾಲದ ಮೊದಲಿಗೆ ಹೊರಟುಹೋಗುತ್ತವೆ. ಬಾಣಂತನಕ್ಕೆ ತವರಿಗೆ ಬರುವ ಹೆಣ್ಣುಮಕ್ಕಳು ಎಂದೇ ಊರಿನವರು ಇವನ್ನು ಕಾಣುತ್ತಾರೆ. ಹಕ್ಕಿ ಬಾರದ ವರ್ಷ ಊರಿಗೆ ಒಳ್ಳೆಯದಲ್ಲ ಎಂಬ ನಂಬಿಕೆಯೂ ಇದೆ.

ತವರಿನ ಪ್ರೀತಿಗೂ ಖರ್ಚಿದೆ, ಅಲ್ಲವೆ? ಹಕ್ಕಿ ಕೂತ ಹುಣಸೆಮರದಲ್ಲಿ ಹಣ್ಣಿನ ಫಸಲು ಮನೆಯವರಿಗೆ ಸರಿಯಾಗಿ ಸಿಗುವುದಿಲ್ಲ. ಅಂಗಳವೆಲ್ಲ ಹಿಕ್ಕೆ, ಮೀನಿನ ವಾಸನೆ. ಆ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕಿಕೊಳ್ಳುತ್ತಾರೆ ನಿಜ. ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು 1976ರಲ್ಲಿ ಈ ಊರನ್ನು ಹೊರಜಗತ್ತಿನ ಗಮನಕ್ಕೆ ತಂದರು. ಮರದ ಒಡೆಯರಿಗೆ ಪರಿಹಾರ ಕೊಡುವ ಏರ್ಪಾಡೂ ಆಯಿತು. ಗೂಡಿನಿಂದ ಬಿದ್ದ ಮರಿಗಳನ್ನು ಸಾಕಿ ಬಿಡಲು ಊರಿನ ಯುವಕರೇ ‘ಹೆಜ್ಜಾರ್ಲೆ ಬಳಗ’ ಕಟ್ಟಿಕೊಂಡರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವೆನಿಸಿತು. ಆದರೂ ಒಂದು ಮರ ಉರುಳಿದರೆ ಅಷ್ಟು ಸಂಸಾರ ಬೀದಿಗೆ ಬಂದ ಹಾಗೆಯೇ. ನೆಟ್ಟ ಹುಣಸೆಸಸಿ ಗೂಡು ಹೊರುವಷ್ಟು ಬೆಳೆಯಲು ಎಷ್ಟೋ ವರ್ಷ ಬೇಕು. ‘ಇನ್ನೊಂದು ವರ್ಷ ನೋಡೋಣ’ ಎಂದು ಪ್ರವಾಸ ಮುಂದೆ ಹಾಕುವವರು ಇದನ್ನೂ ನೆನಪಿನಲ್ಲಿಡಿ.

ಅಲ್ಲಿ ಹೋದಾಗ ನೀವು ನಿಂತಿರುವುದು ಒಬ್ಬರ ಮನೆಯಂಗಳ. “ಅಮ್ಮ, ಇಲ್ಲಿ ನಿಂತು ನೋಡಬಹುದಾ?” ಎಂದು ಕೇಳಿ ನಿಲ್ಲಿ. ಒಬ್ಬ ಹೆಂಗಸು ಕೇಳಿದರೆ ನೆರಳು, ನೀರು, ಮಾತು ಮೂರೂ ಸಿಗುತ್ತವೆ. ಚಪ್ಪಾಳೆ ತಟ್ಟಿ ಹಕ್ಕಿ ಎಬ್ಬಿಸಬೇಡಿ. ಗಾಬರಿಯಾದ ತಾಯಿ ಹಾರಿದರೆ ಮೊಟ್ಟೆ, ಎಳೆಮರಿಗಳು ಉರಿಬಿಸಿಲಿಗೆ ಸಿಗುತ್ತವೆ. ಬಿದ್ದ ಮರಿ ಕಂಡರೆ ಎತ್ತಿಕೊಂಡು ಓಡಾಡದೆ ಊರಿನವರಿಗೆ ತಿಳಿಸಿ.

ಮಲೆನಾಡಿನವರಿಗೆ, ಬಯಲುಸೀಮೆಯವರಿಗೆ

ಶಿವಮೊಗ್ಗದಿಂದ ತೀರ್ಥಹಳ್ಳಿ ಬಸ್ಸಿನಲ್ಲಿ ಸುಮಾರು 30 ಕಿಲೋಮೀಟರ್ ಹೋದರೆ ಮಂಡಗದ್ದೆ. ರಸ್ತೆ ಪಕ್ಕದಲ್ಲೇ ತುಂಗೆ, ನಡುವೆ ಪುಟ್ಟದೊಂದು ನಡುಗಡ್ಡೆ. ಜುಲೈನಿಂದ ಅಕ್ಟೋಬರ್‌ವರೆಗೆ ಅಲ್ಲಿನ ಮರಗಳೆಲ್ಲ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳಿಂದ ತುಂಬಿಹೋಗುತ್ತವೆ. ದಾರಿಯಲ್ಲೇ ಸಕ್ರೆಬೈಲಿನ ಆನೆ ಬಿಡಾರ. ಆನೆ ನೋಡುವುದಿದ್ದರೆ ಬೆಳಿಗ್ಗೆ ಅಲ್ಲಿ ಇಳಿದು ಆಮೇಲೆ ಮಂಡಗದ್ದೆಗೆ ಹೋಗಿ. ಮಳೆಯಲ್ಲಿ ಹುಲ್ಲಿಗೆ ಇಳಿದರೆ ಇಂಬಳ ಹತ್ತುತ್ತವೆ. ಒಂದು ಬಟ್ಟೆಯಲ್ಲಿ ಉಪ್ಪು ಕಟ್ಟಿಟ್ಟುಕೊಳ್ಳಿ, ಮುಟ್ಟಿಸಿದರೆ ಬಿಟ್ಟುಬಿಡುತ್ತವೆ.

ಗದಗ, ಹುಬ್ಬಳ್ಳಿಯ ಕಡೆಯವರಿಗೆ ಮಾಗಡಿ ಕೆರೆ. ಇದು ಬೆಂಗಳೂರಿನ ಹತ್ತಿರದ ಮಾಗಡಿಯಲ್ಲ, ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನದು. 2024ರಲ್ಲಿ ಇದೂ ರಾಮ್ಸರ್ ಪಟ್ಟಿಗೆ ಸೇರಿತು. ಚಳಿಗಾಲದಲ್ಲಿ ಇಲ್ಲಿಗೆ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಬಿಳಿ ತಲೆಯ ಮೇಲೆ ಎರಡು ಕಪ್ಪು ಪಟ್ಟೆ, ಅದೇ ಗುರುತು. ಮಂಗೋಲಿಯ, ಟಿಬೆಟ್ಟುಗಳಿಂದ ಹಿಮಾಲಯವನ್ನೇ ದಾಟಿ ಬರುವ ಹಕ್ಕಿ ಇದು. ಏಳು ಸಾವಿರ ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ದಾಖಲಿಸಿದ್ದಾರೆ. ಅಲ್ಲಿಂದ ಇಲ್ಲಿಗೆ ಅದು ಬರಬಹುದಾದರೆ, ಲಕ್ಷ್ಮೇಶ್ವರದಿಂದ ಮಾಗಡಿಗೆ ನಾವು ಹೋಗಲಾರೆವೇ? ಹಗಲಲ್ಲಿ ಕೆರೆಯ ಮೇಲೆ ವಿಶ್ರಾಂತಿ, ಇರುಳಲ್ಲಿ ಹೊಲಗಳಲ್ಲಿ ಮೇವು. ಆದ್ದರಿಂದ ಮುಂಜಾನೆ, ಸಂಜೆ ಹಿಂಡು ಹಿಂಡಾಗಿ ಹಾರುವುದನ್ನು ನೋಡಬೇಕು.

ಒಬ್ಬರೇ ಹೋಗುವಾಗ

ಹೆದರಿಸಲು ಹೇಳುತ್ತಿಲ್ಲ, ಎಚ್ಚರಕ್ಕೆ ಹೇಳುತ್ತಿದ್ದೇನೆ.

1. ಹೋಗುವ ಊರು, ಬಸ್ಸಿನ ವೇಳೆ, ಬರುವ ಹೊತ್ತು, ಮೂರನ್ನೂ ಕಾಗದದ ಮೇಲೆ ಬರೆದು ಮನೆಯಲ್ಲಿಡಿ. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪಕ್ಕದ ಮನೆಯಾಕೆಗೆ ಕೊಡಿ. ತಲುಪಿದಾಗ ಒಂದು ಫೋನು, ಹೊರಟಾಗ ಒಂದು ಫೋನು.

2. ಹೊಸ ಊರನ್ನು ಬೆಳಕಿದ್ದಾಗಲೇ ತಲುಪಿ. ಕತ್ತಲಾದ ಮೇಲೆ ಕೆರೆ ಏರಿ, ಹೊಳೆ ದಂಡೆ ಬೇಡ.

3. ಆನೆ, ಚಿರತೆ ಓಡಾಡುವ ಕಾಡಿನೊಳಕ್ಕೆ ಒಬ್ಬರೇ ಕಾಲಿಡಬೇಡಿ. ಅಲ್ಲಿಗೆ ಅರಣ್ಯ ಇಲಾಖೆಯ ವಾಹನದಲ್ಲೇ ಹೋಗಬೇಕು. ನಾನು ಮೇಲೆ ಹೇಳಿದ್ದೆಲ್ಲ ಜನರ ಓಡಾಟವಿರುವ ಜಾಗಗಳು, ಬೇಕೆಂದೇ ಆರಿಸಿದ್ದು.

4. ರಾತ್ರಿ ತಂಗುವುದಾದರೆ ಮೊದಲೇ ಫೋನು ಮಾಡಿ “ನಾನೊಬ್ಬಳೇ ಬರುತ್ತೇನೆ, ರೂಮು ಕೊಡುತ್ತೀರಾ?” ಎಂದು ಖಚಿತ ಮಾಡಿಕೊಳ್ಳಿ. ಒಂಟಿ ಹೆಂಗಸಿಗೆ ರೂಮು ಕೊಡಲು ರಾಗ ಎಳೆಯುವ ಲಾಡ್ಜುಗಳು ಈಗಲೂ ಇವೆ. ಅಂಥಲ್ಲಿ ಸಂಜೆ ಏಳಕ್ಕೆ ಹೋಗಿ ಜಗಳವಾಡುವುದಕ್ಕಿಂತ ಬೆಳಿಗ್ಗೆಯೇ ಬೇರೆಡೆ ನೋಡಿಕೊಳ್ಳುವುದು ಮೇಲು. ಪ್ರವಾಸೋದ್ಯಮ ನಿಗಮದ ‘ಮಯೂರ’ ಹೋಟೆಲುಗಳನ್ನೂ ವಿಚಾರಿಸಿ. ರೂಮಿಗೆ ಹೋದ ಕೂಡಲೇ ಚಿಲಕ, ಕಿಟಕಿ ಪರೀಕ್ಷಿಸಿ. ಸರಿಯಿಲ್ಲದಿದ್ದರೆ ಸಂಕೋಚವಿಲ್ಲದೆ ಬೇರೆ ರೂಮು ಕೇಳಿ.

5. ದುಡ್ಡು ಮೂರು ಕಡೆ ಇಡಿ. ಚಿನ್ನ ಮನೆಯಲ್ಲಿರಲಿ. ತುರ್ತಿಗೆ 112ಕ್ಕೆ ಫೋನು ಮಾಡಬಹುದು.

6. “ಒಬ್ಬರೇ ಬಂದಿದ್ದೀರಾ?” ಎಂದು ಪದೇ ಪದೇ ಕೇಳುವವರಿಗೆ “ನಮ್ಮವರು ಮುಂದೆ ಕಾಯ್ತಾ ಇದ್ದಾರೆ” ಎನ್ನಿ. ಮನೆಯವರಿಗೆ ಸುಳ್ಳು ಬೇಡ ಎಂದೆ. ಅಪರಿಚಿತರಿಗೆ ಇದೊಂದು ಹೇಳಿದರೆ ಪಾಪವಿಲ್ಲ.

7. ಶೌಚದ ಚಿಂತೆಯಿಂದ ನೀರು ಕುಡಿಯದೇ ಇರುವುದು ನಮ್ಮ ಹೆಂಗಸರ ಕೆಟ್ಟ ಅಭ್ಯಾಸ. ಬಿಸಿಲಲ್ಲಿ ತಲೆ ಸುತ್ತುತ್ತದೆ, ಮೂತ್ರದ ತೊಂದರೆಯೂ ಬರುತ್ತದೆ. ನೀರು ಕುಡಿಯಿರಿ. ಬಸ್ ನಿಲ್ದಾಣ ಬಿಡುವ ಮೊದಲು ಒಮ್ಮೆ ಹೋಗಿಬನ್ನಿ.

ಬಟ್ಟೆ ಮಾಸಲು ಹಸಿರು, ಕಂದು, ಬೂದಿ ಬಣ್ಣದ್ದಿರಲಿ. ನೂಲಿನ ಸೀರೆಯಾದರೂ ಸರಿ, ಚೂಡಿದಾರವಾದರೂ ಸರಿ. ಗಲಗಲ ಎನ್ನುವ ಬಳೆ ಮಾತ್ರ ಬೇಡ. ತಲೆಗೆ ಟೋಪಿಯೋ ಸೆರಗೋ ಇರಲಿ. ಕಾಲಿಗೆ ಹಿಮ್ಮಡಿ ಮುಚ್ಚುವ ಚಪ್ಪಲಿ ಅಥವಾ ಬೂಟು.

ಒಬ್ಬರೇ ಹೋಗಲು ಇನ್ನೂ ಧೈರ್ಯ ಸಾಲದಿದ್ದರೆ ಹಕ್ಕಿ ನೋಡುವವರ ಗುಂಪಿನೊಡನೆ ಒಂದೆರಡು ಸಲ ಹೋಗಿ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ತಿಂಗಳ ಎರಡನೇ ಭಾನುವಾರ ಬೆಳಿಗ್ಗೆ ಹಕ್ಕಿಪ್ರಿಯರು ಸೇರುವ ರೂಢಿ 1970ರ ದಶಕದಿಂದ ಬಂದದ್ದು. ಆದರೆ ಒಂದು ಗುಟ್ಟು ಹೇಳುತ್ತೇನೆ. ನಾಲ್ಕು ಜನ ಮಾತಾಡುತ್ತಾ ನಡೆದರೆ ಹಕ್ಕಿ ಹಾರಿಹೋಗುತ್ತದೆ. ಒಬ್ಬರೇ ಮರದ ಬುಡದಲ್ಲಿ ಕಾಲು ಗಂಟೆ ಅಲುಗಾಡದೆ ಕೂತರೆ ಅದಾಗಿಯೇ ಹತ್ತಿರ ಬರುತ್ತದೆ.

ದಾರಿಯ ಬುತ್ತಿ: ಗೊಜ್ಜವಲಕ್ಕಿ

ಎರಡು ಬಟ್ಟಲು ಗಟ್ಟಿ ಅವಲಕ್ಕಿಯನ್ನು ಮಿಕ್ಸಿಯಲ್ಲಿ ರವೆಯಂತೆ ತರಿತರಿ ಮಾಡಿ. ನಿಂಬೆಗಾತ್ರದ ಹುಣಸೆಹಣ್ಣಿನ ರಸಕ್ಕೆ ಎರಡು ಚಮಚ ಬೆಲ್ಲ, ಎರಡು ಚಮಚ ಸಾರಿನ ಪುಡಿ, ರುಚಿಗೆ ಉಪ್ಪು ಹಾಕಿ ಕದಡಿ. ಅವಲಕ್ಕಿ ನೆನೆಯುವಷ್ಟೇ ನೀರು ಸೇರಿಸಿ ಕಲಸಿ ಅರ್ಧ ಗಂಟೆ ಬಿಡಿ. ಆಮೇಲೆ ಕೈಯಿಂದ ಉದುರುದುರು ಮಾಡಿ. ಎಣ್ಣೆಯಲ್ಲಿ ಸಾಸಿವೆ, ಕಡಲೆಬೇಳೆ, ಕಡಲೆಕಾಯಿ ಬೀಜ, ಒಣಮೆಣಸು, ಕರಿಬೇವು, ಇಂಗು ಒಗ್ಗರಿಸಿ ಅವಲಕ್ಕಿ ಹಾಕಿ ಕೈಯಾಡಿಸಿ. ಹಸಿ ತೆಂಗಿನಕಾಯಿ ಹಾಕಬೇಡಿ, ಬಿಸಿಲಿಗೆ ಹಳಸುತ್ತದೆ. ತುರಿದ ಕೊಬ್ಬರಿ ಹಾಕಿ. ಸಂಜೆವರೆಗೆ ಕೆಡುವುದಿಲ್ಲ. ತಿಂದ ಕಾಗದ, ಪ್ಲಾಸ್ಟಿಕ್ಕು ಚೀಲಕ್ಕೇ ಹಾಕಿ ಮನೆಗೆ ತನ್ನಿ. ಹಕ್ಕಿಗಳಿಗೆ ಮಿಕ್ಕಿದ್ದನ್ನು ಎಸೆಯುವ ಧರ್ಮ ಅಲ್ಲಿ ಬೇಡ.

ಹಕ್ಕಿಗಳ ಸಂಸಾರ

ಕೊನೆಗೊಂದು ತಮಾಷೆ. ಹಕ್ಕಿ ನೋಡುತ್ತಾ ಹೋದರೆ ಸಂಸಾರ ನಡೆಸಲು ಒಂದೇ ದಾರಿಯಿಲ್ಲ ಎಂಬುದು ತಿಳಿಯುತ್ತದೆ. ದಾಂಡೇಲಿಯ ಕಡೆ ಕಾಣುವ ಮಂಗಟ್ಟೆ ಹಕ್ಕಿಯ ಹೆಣ್ಣು ಮರದ ಪೊಟರೆಯೊಳಗೆ ಕೂತು ಬಾಯಿಯನ್ನು ಗಾರೆ ಹಾಕಿದಂತೆ ಮುಚ್ಚಿಕೊಳ್ಳುತ್ತದೆ. ಒಂದು ಸೀಳು ಮಾತ್ರ ಉಳಿಯುತ್ತದೆ. ವಾರಗಟ್ಟಲೆ ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸಬೇಕು. ಗಂಡಿಗೇನಾದರೂ ಆದರೆ ಒಳಗಿನ ಸಂಸಾರವೇ ಸಂಕಟಕ್ಕೆ ಸಿಕ್ಕಂತೆ. ಗೀಜಗನ ಗಂಡು ಅರ್ಧ ಗೂಡು ನೇಯ್ದು ಹೆಣ್ಣಿನ ಮುಂದೆ ರೆಕ್ಕೆ ಬಡಿಯುತ್ತದೆ. ಆಕೆ ಬಂದು, ಒಳಹೊಕ್ಕು, ಎಳೆದು ನೋಡಿ, ಒಪ್ಪಿದರೆ ಉಳಿದರ್ಧ. ಇನ್ನು ತಾವರೆ ಎಲೆಯ ಮೇಲೆ ಉದ್ದ ಬೆರಳೂರಿ ನಡೆಯುವ ಜಕಾನಾ ಎಂಬ ಹಕ್ಕಿ ಇದೆಯಲ್ಲ, ಅದರ ಹೆಣ್ಣು ಮೊಟ್ಟೆಯಿಟ್ಟು ತನ್ನ ಪಾಡಿಗೆ ಹೊರಟುಬಿಡುತ್ತದೆ. ಕಾವು ಕೂರುವುದು, ಮರಿ ಸಾಕುವುದು ಎಲ್ಲ ಗಂಡಿನದೇ ಪಾಲು! ಇವರಲ್ಲಿ ಯಾರು ಸರಿ, ಯಾರು ತಪ್ಪು ಎಂದು ಕೆರೆಯ ಉಳಿದ ಹಕ್ಕಿಗಳು ಪಂಚಾಯಿತಿ ಸೇರಿಸುವುದಿಲ್ಲ.

ಇನ್ನು ನಿಮ್ಮ ಕೆಲಸ. ನಾಳೆಯೇ ಒಂದು 40 ಪುಟದ ನೋಟ್‌ಬುಕ್ ತನ್ನಿ. ಹಾಲಿನ ಲೆಕ್ಕದ ಪುಸ್ತಕ ಬೇಡ, ಇದಕ್ಕೆಂದೇ ಬೇರೆ. ದಿನಾಂಕ, ಹೊತ್ತು, ಜಾಗ, ಹಕ್ಕಿ ಏನು ಮಾಡುತ್ತಿತ್ತು – ನಾಲ್ಕೇ ಕಲಮು ಹಾಕಿ. ಹೆಸರು ಗೊತ್ತಾಗದಿದ್ದರೆ ಆ ಜಾಗ ಖಾಲಿ ಬಿಡಿ, ಎಂದಾದರೂ ತಿಳಿಯುತ್ತದೆ. ಯಾವ ಊರಿಗೆ ಹೋದಿರಿ, ಏನು ಕಂಡಿರಿ, ಬಸ್ಸು ಎಲ್ಲಿ ಸಿಕ್ಕಿತು, ರೂಮು ಹೇಗಿತ್ತು ಎಂದು ನಮಗೆ ಬರೆಯಿರಿ. ಒಬ್ಬರು ಹೋಗಿಬಂದ ದಾರಿ ಇನ್ನೊಬ್ಬರಿಗೆ ಸಲೀಸು. ಮುಂದಿನ ಸಂಚಿಕೆಯಲ್ಲಿ ಆ ಪತ್ರಗಳಿಗೇ ಮೊದಲ ಜಾಗ.

ಹೋಗಿಬನ್ನಿ. ಸಂಜೆಯ ಬಸ್ಸಿನ ವೇಳೆ ಮರೆಯಬೇಡಿ.